ಬಾಮ್ ಜೀಸಸ್ ಚರ್ಚಿನ ಗೋಡೆಗೆ ಗಿಲಾವು ಯಾಕಿಲ್ಲ?

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯವನು, ವಾಸ್ಕೋದಲ್ಲಿ ಗೌಂಡಿ ಕೆಲಸ ಮಾಡುತ್ತೇನೆ. ಊರಿಂದ ಬಂದ ಬೀಗರನ್ನು ಕರೆದುಕೊಂಡು ಓಲ್ಡ್ ಗೋವಾಕ್ಕೆ ಹೋಗಿದ್ದೆ. ರಸ್ತೆಯ ಆಚೆಗಿರುವ ದೊಡ್ಡ ಕೆಥೆಡ್ರಲ್ ಬೆಳ್ಳಗಿದೆ, ಸುತ್ತಲಿನ ಚರ್ಚುಗಳೂ ಬೆಳ್ಳಗಿವೆ. ಸಂತ ಫ್ರಾನ್ಸಿಸ್ ಕ್ಸೇವಿಯರ್ ದೇಹ ಇಟ್ಟಿರುವ ಬಾಮ್ ಜೀಸಸ್ ಮಾತ್ರ ಕಲ್ಲು ಕಾಣುವ ಬರಿಗೋಡೆ. ಒಬ್ಬ ಗೈಡ್ ದುಡ್ಡು ಮುಗಿದು ಹಾಗೇ ಬಿಟ್ಟರು ಅಂದ. ಇನ್ನೊಬ್ಬ ನಾನೂರು ವರ್ಷದಿಂದ ಹೀಗೇ ಇದೆ ಅಂದ. ಗಿಲಾವು ಹಾಕಿ ಹೊಟ್ಟೆ ಹೊರೆಯುವ ನನಗೆ ಎರಡೂ ಸರಿ ಅನ್ನಿಸಲಿಲ್ಲ. ನಿಜ ಏನು? ಈಗ ಮತ್ತೆ ಗಿಲಾವು ಮಾಡಬಹುದೇ? ಮಾಡಿದರೆ ಸಿಮೆಂಟ್ ನಡೆಯುತ್ತದೆಯೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ ಮೇಸ್ತ್ರಿಯವರೇ. ಇಬ್ಬರು ಗೈಡ್‌ಗಳು ಹೇಳಿದ್ದೂ ತಪ್ಪು. ಆ ಚರ್ಚಿನ ಕೆಲಸ ಅರ್ಧಕ್ಕೆ ನಿಂತದ್ದಲ್ಲ, ಪೂರ್ತಿ ಮುಗಿದದ್ದು. ಹೊರಗೋಡೆಗೆ ಸುಣ್ಣದ ಗಾರೆಯ ಗಿಲಾವು ಇತ್ತು, ಶತಮಾನಗಳ ಕಾಲ ಇತ್ತು. 1950ರ ದಶಕದ ಆರಂಭದಲ್ಲಿ ಆಗಿನ ಪೋರ್ಚುಗೀಸ್ ಸರ್ಕಾರ ಬೇಕೆಂದೇ ಅದನ್ನು ಕೀಳಿಸಿತು. ಇವತ್ತು ಪೋಸ್ಟ್‌ಕಾರ್ಡಿನಲ್ಲಿ, ಪ್ರವಾಸೋದ್ಯಮದ ಜಾಹೀರಾತಿನಲ್ಲಿ ಕಾಣುವ ಆ ಕಂದುಗೆಂಪಿಗೆ ಎಪ್ಪತ್ತು ಚಿಲ್ಲರೆ ವರ್ಷ ವಯಸ್ಸು. ಹತ್ತೊಂಬತ್ತನೆಯ ಶತಮಾನದ ಫೋಟೋಗಳಲ್ಲಿ ಇದೇ ಚರ್ಚು ಗಿಲಾವಿನ ಗೋಡೆಯೊಂದಿಗೆ ನಿಂತಿದೆ.

ದುಡ್ಡಿನ ಮಾತನ್ನು ಮೊದಲು ಮುಗಿಸೋಣ. ಇದನ್ನು ಕಟ್ಟಿಸಿದವರು ಜೆಸುವಿಟ್ ಪಾದ್ರಿಗಳು, ಅಂದರೆ ಯೇಸುಸಭೆ ಎಂಬ ಕ್ರೈಸ್ತ ಸಂಘದವರು. ಕೊಚ್ಚಿಯ ಕ್ಯಾಪ್ಟನ್ ಆಗಿದ್ದ ಜೆರೊನಿಮೊ ಮಸ್ಕರೇನ್ಹಸ್ 1593ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಹಣ ಇದರ ಬುನಾದಿಗೆ ಬಿತ್ತು. ಒಳಗೆ ಪ್ರವಚನ ಪೀಠದ ಎದುರು ಗೋಡೆಯಲ್ಲಿ ಅವನ ಸ್ಮಾರಕ ಇದೆ. ಜನ ಸಂತನ ದೇಹವಿರುವ ಬೆಳ್ಳಿ ಪೆಟ್ಟಿಗೆ ನೋಡುವ ಅವಸರದಲ್ಲಿ ಅದರತ್ತ ತಿರುಗುವುದೇ ಇಲ್ಲ. 1594ರ ನವೆಂಬರ್ 24ರಂದು ಕೆಲಸ ಆರಂಭವಾಯಿತು. 1605ರ ಮೇ 15ರಂದು ಗೋವಾದ ಆರ್ಚ್‌ಬಿಷಪ್ ಅಲೆಶೊ ದೆ ಮೆನೆಜೆಸ್ ಇದನ್ನು ಪ್ರತಿಷ್ಠಾಪಿಸಿದರು. ಬಾಗಿಲು ದಾಟಿದ ಕೂಡಲೇ ಗಾಯಕರ ಅಟ್ಟವನ್ನು ಹೊತ್ತ ಕಂಬಗಳು ಸಿಗುತ್ತವೆ. ಅವುಗಳ ಮೇಲಿನ ಶಾಸನಗಳಲ್ಲಿ ಈ ಆರಂಭ, ಮುಕ್ತಾಯಗಳನ್ನು ಬರೆದಿಟ್ಟಿದ್ದಾರೆ. ಹನ್ನೊಂದು ವರ್ಷದೊಳಗೆ 183 ಅಡಿ ಉದ್ದ, 55 ಅಡಿ ಅಗಲದ ಕಟ್ಟಡ ಎಬ್ಬಿಸಿದವರಿಗೆ ಗಾರೆಗೆ ಕಾಸು ಸಾಲಲಿಲ್ಲ ಎಂಬುದನ್ನು ನಂಬುವುದು ಕಷ್ಟ. ಕಟ್ಟಡದಲ್ಲಿ ಗಾರೆ ಎಷ್ಟು ಅಗ್ಗದ ಬಾಬತ್ತು ಎಂದು ನಿಮಗೆ ಹೇಳಬೇಕಿಲ್ಲ.

ಇನ್ನು ನಾನೂರು ವರ್ಷದಿಂದ ಹೀಗೇ ಇದೆ ಎಂಬ ಮಾತು. ಇದಕ್ಕೆ ಉತ್ತರ ಗೋಡೆಯಲ್ಲೇ ಇದೆ. ಮುಂದಿನ ಸಲ ಹೋದಾಗ ಪಶ್ಚಿಮದ ಮುಂಭಾಗದ ಎದುರು ಸ್ವಲ್ಪ ಹೊತ್ತು ನಿಂತು ನೋಡಿ. 78 ಅಡಿ ಎತ್ತರದ ಗೋಡೆ. ಕೆಳಗೆ ಮೂರು ಬಾಗಿಲು, ಅದರ ಮೇಲೆ ಮೂರು ದೊಡ್ಡ ಚೌಕ ಕಿಟಕಿ, ಅದರ ಮೇಲೆ ಮೂರು ದುಂಡು ಕಿಟಕಿ, ತುದಿಯಲ್ಲಿ ಕೆತ್ತನೆ ತುಂಬಿದ ಚೌಕಟ್ಟು. ಆ ಚೌಕಟ್ಟಿನ ನಡುವೆ ಯೇಸುವಿನ ಹೆಸರನ್ನು ಸೂಚಿಸುವ ಮೂರು ಅಕ್ಷರಗಳ ಲಾಂಛನ, ಅದು ಜೆಸುವಿಟರ ಮುದ್ರೆ. ಇಲ್ಲಿ ಎರಡು ಜಾತಿಯ ಕಲ್ಲು ಇವೆ. ಕೆತ್ತನೆಗೆ ಬಳಸಿದ್ದು ಕಪ್ಪು ಬಸಾಲ್ಟ್, ಅದನ್ನು ಉತ್ತರದ ವಸಯಿಯಿಂದ ತರಿಸಿದ್ದು. ಆಗ ವಸಯಿ ಪೋರ್ಚುಗೀಸರ ಕೈಯಲ್ಲಿತ್ತು, 1739ರಲ್ಲಿ ಮರಾಠರು ಗೆದ್ದುಕೊಂಡರು. ಗೋಡೆಯ ಮೈ ಮಾತ್ರ ಇಲ್ಲಿಯದೇ ಜಂಬಿಟ್ಟಿಗೆ, ಗೋವಾದಲ್ಲಿ ನೀವು ದಿನಾ ಹೊರುವ ಚಿರೆಕಲ್ಲು. ಅಷ್ಟು ದೂರದಿಂದ ಹಡಗಿನಲ್ಲಿ ಕಲ್ಲು ತರಿಸಿ ಕುಸುರಿ ಮಾಡಿಸಿದವರು, ಆ ಕುಸುರಿ ಕೆಂಪು ಕಲ್ಲಿನ ತೂತುಗಳ ನಡುವೆ ಕಳೆದುಹೋಗಲಿ ಎಂದು ಯೋಚಿಸಿರಲಾರರು. ಬಿಳಿ ಮೈಯ ಮೇಲೆ ಕಪ್ಪು ಗೆರೆ ಎದ್ದು ಕಾಣುವ ಲೆಕ್ಕ ಅದು ಎಂದು ನಾನು ಓದುತ್ತೇನೆ. ಹತ್ತಿರ ಹೋದರೆ ಕೆತ್ತಿದ ಕಲ್ಲಿನ ಅಂಚು ಗೋಡೆಯ ಮೈಯಿಂದ ಎಷ್ಟು ಮುಂದೆ ನಿಂತಿದೆ ಎಂದು ಬೆರಳಿನಲ್ಲೇ ಅಳೆಯಬಹುದು. ಗಿಲಾವಿನ ದಪ್ಪಕ್ಕೆ ಜಾಗ ಬಿಡುವುದು ಹೇಗೆ ಎಂದು ಗೊತ್ತಿರುವವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ.

ಜಂಬಿಟ್ಟಿಗೆಯ ಗುಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಇಡೀ ಪ್ರಶ್ನೆ ನಿಂತಿರುವುದೇ ಅದರ ಮೇಲೆ. ಲಕ್ಷಾಂತರ ವರ್ಷ ಬಿಸಿಲು ಮಳೆಗೆ ಸಿಕ್ಕಿ ಬಂಡೆಯೊಳಗಿನ ಮರಳಿನ ಅಂಶ ಕರಗಿ ಹೋಗುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ತುಕ್ಕಿನ ರೂಪದಲ್ಲಿ ಉಳಿಯುತ್ತವೆ. ಹಾಗೆ ಉಳಿದದ್ದೇ ಈ ಕಲ್ಲು. ನೆಲದಿಂದ ಕೀಳುವಾಗ ಮೆತ್ತಗಿರುತ್ತದೆ, ಕೊಡಲಿಯಲ್ಲೇ ಕಡಿಯಬಹುದು. ಗಾಳಿಗೆ ಒಡ್ಡಿದ ಮೇಲೆ ಗಟ್ಟಿಯಾಗುತ್ತದೆ. ಆದರೆ ಆ ಗಟ್ಟಿತನ ಎಲ್ಲ ಕಡೆ ಒಂದೇ ಸಮ ಅಲ್ಲ. ಕಲ್ಲಿನೊಳಗೆ ಕಬ್ಬಿಣದ ಗಟ್ಟಿ ಬಲೆ ಇರುತ್ತದೆ, ಬಲೆಯ ಕಣ್ಣುಗಳಲ್ಲಿ ಜೇಡಿ ತುಂಬಿರುತ್ತದೆ. ನೀರು ಬಿದ್ದರೆ ಮೊದಲು ಜೇಡಿ ತೊಳೆದು ಹೋಗುತ್ತದೆ. ಆಮೇಲೆ ಆ ಕಣ್ಣುಗಳಲ್ಲೇ ನೀರು ನಿಲ್ಲುತ್ತದೆ, ಪಾಚಿ ಹಿಡಿಯುತ್ತದೆ, ಅರಳಿ, ಗೋಣಿ ಮರಗಳ ಬೀಜ ಬಂದು ಕೂರುತ್ತದೆ. ಗೋವಾದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ. ಮುಂಗಾರಿನ ಗಾಳಿ ಬರುವುದು ನೈರುತ್ಯದಿಂದ, ಚರ್ಚಿನ ಮುಖ ಇರುವುದು ಪಶ್ಚಿಮಕ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಗೋಡೆಗೆ ಮಳೆ ಅಡ್ಡಡ್ಡ ಬಡಿಯುತ್ತದೆ.

ಇದು ಹಳೆಯ ಮೇಸ್ತ್ರಿಗಳಿಗೆ ಚೆನ್ನಾಗಿ ಗೊತ್ತಿತ್ತು. ಮಳೆಯಲ್ಲಿ ಕುರಿ ಕಾಯುವವನ ಮೈಮೇಲೆ ಕಂಬಳಿ ಕೊಪ್ಪೆ ಇದ್ದ ಹಾಗೆ ಜಂಬಿಟ್ಟಿಗೆಯ ಮೈಮೇಲೆ ಸುಣ್ಣದ ಗಾರೆ. ಮಳೆಯ ಏಟನ್ನು ಗಾರೆ ತಿನ್ನುತ್ತದೆ, ಸವೆಯುತ್ತದೆ, ಕೆಲವು ವರ್ಷಕ್ಕೊಮ್ಮೆ ತೇಪೆ ಹಾಕಿ ಸುಣ್ಣ ಬಳಿದರೆ ಮತ್ತೆ ಹೊಸದಾಗುತ್ತದೆ, ಕಲ್ಲು ಹಾಗೇ ಉಳಿಯುತ್ತದೆ. ಗೋವಾದ ಹಳ್ಳಿಹಳ್ಳಿಯ ಚರ್ಚುಗಳು ಮಳೆಗಾಲ ಮುಗಿದು ಹಬ್ಬದ ಹೊತ್ತಿಗೆ ಹೊಸ ಸುಣ್ಣ ಬಳಿದುಕೊಳ್ಳುವುದು ಬರಿ ಅಂದಕ್ಕಲ್ಲ. ನಿಮ್ಮ ಜಿಲ್ಲೆಯ ಗೋಳಗುಮ್ಮಟದೊಳಗೆ ಪಿಸುಮಾತಿನ ಗ್ಯಾಲರಿಯಲ್ಲಿ ಗೋಡೆಗೆ ಕೈಯಿಟ್ಟಿರುತ್ತೀರಿ. ಅಲ್ಲಿ ಸಿಗುವ ನುಣುಪೂ ಸುಣ್ಣದ ಗಾರೆಯದೇ. ಅದನ್ನು ಕಟ್ಟಿಸಿದ ಆದಿಲ್‌ಶಾಹಿಗಳ ಪೂರ್ವಿಕರೇ 1510ರ ತನಕ ಈ ಓಲ್ಡ್ ಗೋವಾದ ಒಡೆಯರಾಗಿದ್ದರು. ಅವರ ಅರಮನೆಯ ಕಲ್ಲಿನ ಬಾಗಿಲು ಈಗಲೂ ಸೇಂಟ್ ಕಜೆಟನ್ ಚರ್ಚಿನ ಆವರಣದ ಹತ್ತಿರ ಒಂಟಿಯಾಗಿ ನಿಂತಿದೆ. ಬೀಗರನ್ನು ಮತ್ತೊಮ್ಮೆ ಕರೆದೊಯ್ದರೆ ಅದನ್ನೂ ತೋರಿಸಿ.

ಗಾರೆ ಮತ್ತು ಛಾವಣಿ ಹೋದ ಜಂಬಿಟ್ಟಿಗೆಯ ಕಟ್ಟಡಕ್ಕೆ ಏನಾಗುತ್ತದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಬಾಮ್ ಜೀಸಸ್‌ನಿಂದ ಗುಡ್ಡ ಹತ್ತಿದರೆ ಸೇಂಟ್ ಅಗಸ್ಟಿನ್ ಚರ್ಚಿನ ಅವಶೇಷ. 1835ರಲ್ಲಿ ಸನ್ಯಾಸಿಗಳು ಬಿಟ್ಟುಹೋದರು, 1842ರಲ್ಲಿ ಕಮಾನು ಛಾವಣಿ ಕುಸಿಯಿತು, 1931ರಲ್ಲಿ ಮುಂಭಾಗ ಮತ್ತು ಗೋಪುರದ ಅರ್ಧ ಬಿದ್ದವು. ಈಗ ಉಳಿದಿರುವುದು ಸುಮಾರು 46 ಮೀಟರ್ ಎತ್ತರದ ಒಂದು ಮುರುಕು ಗೋಪುರ. ಕಾಲರಾ, ಮಲೇರಿಯಾಗಳಿಂದ ಊರೇ ಖಾಲಿಯಾಗಿ 1843ರಲ್ಲಿ ರಾಜಧಾನಿ ಅಧಿಕೃತವಾಗಿ ಪಣಜಿಗೆ ಹೋಯಿತು. ಓಲ್ಡ್ ಗೋವಾದ ಎಷ್ಟೋ ಕಟ್ಟಡಗಳ ಕಲ್ಲು ಪಣಜಿಯ ಕಟ್ಟಡಗಳಿಗೆ ಹೋಯಿತು.

ಅಂಥ ಹಾಳೂರಿನಲ್ಲಿ ಬಾಮ್ ಜೀಸಸ್ ಯಾಕೆ ಉಳಿಯಿತು? ಕ್ಸೇವಿಯರ್ ದೆಸೆಯಿಂದ. ಇದನ್ನು ಅವರಿಗಾಗಿ ಕಟ್ಟಿದ್ದು ಎಂದು ಬಹಳ ಜನ ತಿಳಿದಿದ್ದಾರೆ, ಹಾಗಲ್ಲ. ಚರ್ಚು ಬಾಲ ಯೇಸುವಿಗೆ ಅರ್ಪಿತವಾದದ್ದು. ಕ್ಸೇವಿಯರ್ 1552ರ ಡಿಸೆಂಬರ್ 3ರಂದು ಚೀನಾದ ಕರಾವಳಿಯ ಶಾಂಗ್‌ಚುವಾನ್ ದ್ವೀಪದಲ್ಲಿ ತೀರಿಕೊಂಡರು. ದೇಹ ಮಲಕ್ಕಾಕ್ಕೆ ಹೋಗಿ, 1554ರಲ್ಲಿ ಗೋವಾಕ್ಕೆ ಬಂತು. ಬಹುಕಾಲ ಇದೇ ಊರಿನ ಸೇಂಟ್ ಪಾಲ್ ಕಾಲೇಜಿನಲ್ಲಿತ್ತು. 1622ರಲ್ಲಿ ಅವರನ್ನು ಸಂತರೆಂದು ಘೋಷಿಸಿದ ಮೇಲೆ, 1624ರಲ್ಲಿ ಇಲ್ಲಿಗೆ ತಂದರು. ಗೋವಾದ ಅಕ್ಕಸಾಲಿಗರು 1636–37ರಲ್ಲಿ ಬೆಳ್ಳಿಯ ಪೆಟ್ಟಿಗೆ ಮಾಡಿದರು. ಅದರ ಮೇಲಿನ ಕೆಲಸ ನೋಡಿದರೆ ಇಟಲಿಯವರ ಎದುರು ನಮ್ಮ ಕೈಗಳು ಯಾವುದಕ್ಕೂ ಕಡಿಮೆಯಿರಲಿಲ್ಲ ಅನ್ನಿಸುತ್ತದೆ. ಆ ಪೆಟ್ಟಿಗೆ ಕೂತಿರುವ ಅಮೃತಶಿಲೆಯ ಪೀಠವನ್ನು ಕಳಿಸಿದವನು ಟಸ್ಕನಿಯ ದೊರೆ ಮೂರನೆಯ ಕೊಸಿಮೊ. ಫ್ಲಾರೆನ್ಸಿನ ಶಿಲ್ಪಿ ಜೊವಾನ್ನಿ ಬತ್ತಿಸ್ತಾ ಫೊಜ್ಜಿನಿ ಅದನ್ನು ರೂಪಿಸಿದ, ಬಿಡಿ ಭಾಗಗಳಾಗಿ ಹಡಗಿನಲ್ಲಿ ಬಂತು, ಅಲ್ಲಿಂದಲೇ ಬಂದ ಪ್ಲಾಚಿದೊ ರಾಂಪೋನಿ ಎಂಬ ಕುಶಲಕರ್ಮಿ 1698ರಲ್ಲಿ ಜೋಡಿಸಿ ನಿಲ್ಲಿಸಿದ. 1759ರಲ್ಲಿ ಪೋರ್ಚುಗಲ್ ಜೆಸುವಿಟರನ್ನೇ ಹೊರಹಾಕಿದಾಗಲೂ, ಸಂತನ ದೇಹ ಇರುವ ಚರ್ಚನ್ನು ಮುಚ್ಚುವ ಧೈರ್ಯ ಯಾರೂ ಮಾಡಲಿಲ್ಲ. ಜನ ಬರುತ್ತಲೇ ಇದ್ದರು, ದುರಸ್ತಿ ನಡೆಯುತ್ತಲೇ ಇತ್ತು. ಗೋವಾದವರು ಅವರನ್ನು ಇಂದಿಗೂ ಗೋಂಯ್ಚೊ ಸಾಯ್ಬ್, ಅಂದರೆ ಗೋವಾದ ಒಡೆಯ, ಎನ್ನುತ್ತಾರೆ. ಡಿಸೆಂಬರ್ 3ರ ಹಬ್ಬಕ್ಕೆ ಮಂಗಳೂರು, ಕಾರವಾರದ ಕಡೆಯಿಂದಲೂ ಜನ ಹೋಗುತ್ತಾರೆ, ಕ್ರೈಸ್ತರಲ್ಲದವರೂ ಸಾಲಿನಲ್ಲಿ ನಿಂತಿರುತ್ತಾರೆ.

ಹಾಗೆ ಉಳಿದು ಬಂದ ಚರ್ಚಿನ ಗಾರೆಯನ್ನು ಕಿತ್ತದ್ದು ಯಾಕೆ ಎಂಬುದಕ್ಕೆ ಆಗಿನ ರಾಜಕೀಯ ನೋಡಬೇಕು. 1947ರಲ್ಲಿ ಬ್ರಿಟಿಷರು ಹೋದರು, ಗೋವಾವನ್ನು ಬಿಟ್ಟುಕೊಡಿ ಎಂಬ ಒತ್ತಡ ಪೋರ್ಚುಗಲ್ ಮೇಲೆ ಬಂತು. ಲಿಸ್ಬನ್‌ನಲ್ಲಿದ್ದ ಸಲಜಾರ್ ಸರ್ಕಾರ 1951ರಲ್ಲಿ ಸಂವಿಧಾನ ತಿದ್ದಿ ವಸಾಹತುಗಳನ್ನು ‘ಸಾಗರದಾಚೆಯ ಪ್ರಾಂತಗಳು’ ಎಂದು ಕರೆಯಿತು. 1952ಕ್ಕೆ ಕ್ಸೇವಿಯರ್ ತೀರಿಕೊಂಡು ನಾನೂರು ವರ್ಷ, ಅವರ ದೇಹವನ್ನು ಜನರಿಗೆ ತೋರಿಸುವ ದೊಡ್ಡ ದರ್ಶನೋತ್ಸವ. ಜಗತ್ತಿನ ಕಣ್ಣು ಗೋವಾದ ಮೇಲೆ ಬೀಳುವ ಹೊತ್ತು. ಇಲ್ಲಿ ತಮ್ಮ ಬೇರು ಎಷ್ಟು ಹಳೆಯದು ಎಂದು ತೋರಿಸುವ ಆಸೆ ಸರ್ಕಾರಕ್ಕೆ. ಆ ದಿನಗಳಲ್ಲಿ ಓಲ್ಡ್ ಗೋವಾದ ಸ್ಮಾರಕಗಳ ಕೆಲಸಕ್ಕೆ ಬಂದವರು ಬಾಲ್ತಜಾರ್ ಕಾಸ್ತ್ರೊ ಎಂಬ ವಾಸ್ತುಶಿಲ್ಪಿ. ಪೋರ್ಚುಗಲ್‌ನ ರಾಷ್ಟ್ರೀಯ ಸ್ಮಾರಕಗಳ ಇಲಾಖೆಯಲ್ಲಿ ದುಡಿದು ಹೆಸರು ಮಾಡಿದವರು.

ಆ ಇಲಾಖೆಯ ಪದ್ಧತಿ ಹೀಗಿತ್ತು: ಹಳೆಯ ಚರ್ಚಿನ ಮೇಲೆ ನಂತರದ ಕಾಲದವರು ಸೇರಿಸಿದ್ದನ್ನೆಲ್ಲ ತೆಗೆದುಹಾಕು, ಗಾರೆ ಕೆರೆ, ಕಲ್ಲು ಕಾಣಿಸು, ಆಗ ಅದು ‘ಮೂಲ’ ರೂಪಕ್ಕೆ ಮರಳುತ್ತದೆ. ಉತ್ತರ ಪೋರ್ಚುಗಲ್‌ನ ಮಧ್ಯಯುಗದ ಚರ್ಚುಗಳಲ್ಲಿ ಹೀಗೆ ಮಾಡಿದ್ದರು. ಅಲ್ಲಿಯ ಕಲ್ಲು ಗ್ರಾನೈಟ್, ನಮ್ಮ ಕಡೆಯ ಕಣಶಿಲೆ. ಅದು ನೀರು ಹೀರುವುದು ಅತಿ ಕಡಿಮೆ, ಗಾರೆ ಇಲ್ಲದಿದ್ದರೂ ತಡೆದುಕೊಳ್ಳುತ್ತದೆ. ಅದೇ ಕಣ್ಣಿನಿಂದ ಗೋವಾದ ಕಲ್ಲನ್ನು ನೋಡಿದ್ದೇ ಅನರ್ಥವಾಯಿತು. ಬಾಮ್ ಜೀಸಸ್ ಮಧ್ಯಯುಗದ ಕಟ್ಟಡವೂ ಅಲ್ಲ, ಅದರ ಕಲ್ಲು ಬರಿಮೈಯಲ್ಲಿ ನಿಲ್ಲುವ ಕಲ್ಲೂ ಅಲ್ಲ. ಹಳತಾಗಿ ಕಾಣಲಿ ಎಂದು, ಅದರ ಬಾಳಿನಲ್ಲಿ ಎಂದೂ ಇರದಿದ್ದ ರೂಪವನ್ನು ಅದಕ್ಕೆ ಕೊಟ್ಟರು. ದುಃಖದ ಸಂಗತಿ ಎಂದರೆ ಆ ಉಪಾಯ ಫಲಿಸಿತು. ಪೋರ್ಚುಗೀಸರು 1961ರ ಡಿಸೆಂಬರಿನಲ್ಲಿ ಹೋದರು, ಬರಿಗೋಡೆ ಉಳಿಯಿತು, ಜನ ಅದನ್ನೇ ಪುರಾತನ ಎಂದು ನಂಬಿದರು. ನಿಮ್ಮ ಎರಡನೆಯ ಗೈಡ್ ಹೇಳಿದ್ದು ಆ ನಂಬಿಕೆಯನ್ನೇ.

ಆಮೇಲೆ ಕಲ್ಲಿಗೆ ಏನಾಯಿತು ಎಂದು ನೀವು ಕಣ್ಣಾರೆ ನೋಡಬಹುದು. ಹೊರಮೈಯ ಕಲ್ಲುಗಳಲ್ಲಿ ಗೂಡುಗಳು ಬಿದ್ದಿವೆ. ಸಂದಿನ ಗಾರೆ ಒಳಸರಿದಿದೆ. ನೆಲದ ತೇವ ಏರುವ ಬುಡದ ಭಾಗ, ನೀರು ಜಾರುವ ಅಂಚುಗಳು ಕಪ್ಪಾಗಿ ಪಾಚಿಗಟ್ಟಿವೆ. ಮಳೆಯಷ್ಟೇ ಕೆಡುಕು ಉಪ್ಪಿನದು. ಮಾಂಡವಿ ನದಿ ಕೂಗಳತೆಯಲ್ಲಿದೆ, ಕಡಲ ಗಾಳಿ ಬರುತ್ತದೆ. ನೀರಿನ ಜೊತೆ ಕಲ್ಲಿನೊಳಗೆ ಹೋದ ಉಪ್ಪು ಬೇಸಿಗೆಯಲ್ಲಿ ಒಣಗಿ ಹರಳುಗಟ್ಟುತ್ತದೆ, ಹರಳು ಹಿಗ್ಗಿ ಕಲ್ಲಿನ ಮೇಲ್ಮೈಯನ್ನು ಪುಡಿಪುಡಿಯಾಗಿ ಉದುರಿಸುತ್ತದೆ. ಗಾರೆ ಇದ್ದಾಗ ಈ ಕಾಟ ಗಾರೆಯಲ್ಲೇ ನಡೆದು ಗಾರೆಯೇ ಉದುರುತ್ತಿತ್ತು. ಈಗ ಕಲ್ಲೇ ಉದುರುತ್ತಿದೆ. ಉದುರಿದ ಗಾರೆಯನ್ನು ಮತ್ತೆ ಹಾಕಬಹುದು, 1605ಕ್ಕಿಂತ ಮುಂಚೆ ಕಡಿದ ಕಲ್ಲನ್ನು ಎಲ್ಲಿಂದ ತರುವುದು? 2020ರ ಮಳೆಗಾಲಕ್ಕೆ ಮೊದಲು, ಲಾಕ್‌ಡೌನ್ ನಡುವೆ ಛಾವಣಿಯ ದುರಸ್ತಿ ನಿಂತಿದ್ದಾಗ, ಬಾಮ್ ಜೀಸಸ್ ಬೆಸಿಲಿಕಾದ ರೆಕ್ಟರ್, ಅಂದರೆ ಉಸ್ತುವಾರಿ ಪಾದ್ರಿ, ಬಹಿರಂಗವಾಗಿಯೇ ಕಳವಳ ಹೇಳಿಕೊಂಡರು. ಗೋಡೆಗೆ ಮತ್ತೆ ಗಾರೆ ಬೇಕು ಎಂಬ ಮಾತು ಆಗ ಪತ್ರಿಕೆಗಳಿಗೂ ಬಂತು.

ಬೇಡ ಎನ್ನುವವರೂ ಇದ್ದಾರೆ, ಅವರ ಮಾತನ್ನು ತಳ್ಳಿಹಾಕಲಾಗದು. 1986ರಲ್ಲಿ ಗೋವಾದ ಚರ್ಚುಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಬಾಮ್ ಜೀಸಸ್ ಹೀಗೇ ಇತ್ತು. ಎರಡು ಮೂರು ತಲೆಮಾರು ಈ ಕೆಂಪನ್ನೇ ನೋಡಿ ಬೆಳೆದಿದೆ, ಮದುವೆಯ ಫೋಟೋ ತೆಗೆಸಿಕೊಂಡಿದೆ, ಬೆಳ್ಳಗಾದರೆ ತಮ್ಮದು ಅನ್ನಿಸಲಾರದು ಎಂಬ ಅಳುಕು ಅವರಿಗೆ. ಸಂರಕ್ಷಣೆಯ ಕೆಲಸದವರು ಗೌರವಿಸುವ 1964ರ ವೆನಿಸ್ ಸನ್ನದು ಕೂಡ ಕಟ್ಟಡಕ್ಕೆ ಪ್ರತಿ ಕಾಲ ಕೊಟ್ಟ ಸಾರ್ಥಕ ಕೊಡುಗೆಯನ್ನು ಗೌರವಿಸಿ ಎನ್ನುತ್ತದೆ. ಆದರೆ ಕೊಡುಗೆ ಬೇರೆ, ಕಿತ್ತದ್ದು ಬೇರೆ. ಕಾಸ್ತ್ರೊ ಇಲ್ಲಿಗೆ ಏನನ್ನೂ ಸೇರಿಸಲಿಲ್ಲ, ಇದ್ದ ರಕ್ಷಣೆಯನ್ನು ತೆಗೆದರು. ನೋಟ ಮತ್ತು ಗೋಡೆ ಎರಡರಲ್ಲಿ ಒಂದನ್ನು ಆರಿಸಬೇಕಾದರೆ ನಾನು ಗೋಡೆಯನ್ನು ಆರಿಸುತ್ತೇನೆ. ಗೋಡೆ ಕರಗಿದ ಮೇಲೆ ನೋಟವೂ ಇರುವುದಿಲ್ಲ.

ಹಾಗಾದರೆ ಗಿಲಾವು ಮಾಡಬಹುದೇ? ಮಾಡಬಹುದು. ಸಿಮೆಂಟಿನಲ್ಲಿ ಮಾತ್ರ ಖಂಡಿತ ಬೇಡ. ಜಂಬಿಟ್ಟಿಗೆ ತೇವ ಹೀರುತ್ತದೆ, ಬಿಸಿಲು ಬಂದಾಗ ಅದನ್ನು ಹೊರಗೆ ಬಿಡಬೇಕು. ಸುಣ್ಣದ ಗಾರೆ ಬಿಡಲು ದಾರಿ ಕೊಡುತ್ತದೆ. ಸಿಮೆಂಟ್ ದಾರಿ ಕಟ್ಟುತ್ತದೆ. ಎಲ್ಲಿಂದಲೋ ಒಳಹೊಕ್ಕ ನೀರು ಸಿಮೆಂಟಿನ ಹಿಂದೆ ಸಿಕ್ಕಿಬೀಳುತ್ತದೆ, ಉಪ್ಪು ಅಲ್ಲೇ ಸೇರುತ್ತದೆ, ಕೊನೆಗೆ ಸಿಮೆಂಟ್ ಹಲಗೆಯಂತೆ ಕಳಚುವಾಗ ಕಲ್ಲಿನ ಮೈಯನ್ನೂ ಕಿತ್ತುಕೊಂಡು ಬೀಳುತ್ತದೆ. ಕಲ್ಲಿಗಿಂತ ಗಾರೆ ಮೆತ್ತಗಿರಬೇಕು ಎಂಬುದು ಹಳೆಯ ಕಟ್ಟಡಗಳಲ್ಲಿ ಮೊದಲ ನಿಯಮ.

ಕೆಲಸದ ಕ್ರಮ ಹೀಗೆ. ಮೊದಲು ಛಾವಣಿ, ನೀರಿನ ಹರಿವು ಸರಿಯಾಗಬೇಕು, ಮೇಲಿಂದ ಸೋರುವ ಗೋಡೆಗೆ ಗಾರೆ ಹಾಕಿ ಪ್ರಯೋಜನವಿಲ್ಲ. ಆಮೇಲೆ ಪಾಚಿ, ಬೇರು ತೆಗೆಯಬೇಕು, ನೀರಿನ ಜೋರು ಪಿಚಕಾರಿ ಹೊಡೆಯದೆ ಮೆತ್ತನೆಯ ಬ್ರಷ್ಷಿನಲ್ಲಿ. ಒದ್ದೆ ಕಾಗದದ ತಿರುಳನ್ನು ಗೋಡೆಗೆ ಮೆತ್ತಿ, ಅದು ಒಣಗುವಾಗ ಕಲ್ಲಿನ ಉಪ್ಪನ್ನು ಹೀರಿಕೊಳ್ಳುವಂತೆ ಮಾಡಬೇಕು, ಉಪ್ಪು ಇಳಿಯುವ ತನಕ ಇದು ಮತ್ತೆ ಮತ್ತೆ ನಡೆಯಬೇಕು. ಪೂರ್ತಿ ಸತ್ತ ಕಲ್ಲನ್ನು ಬಿಡಿಸಿ ಅದೇ ಜಾತಿಯ ಕಲ್ಲು ಕೂರಿಸಬೇಕು, ಸಂದುಗಳಿಗೆ ಸುಣ್ಣದ ಗಾರೆ ತುಂಬಬೇಕು. ನಂತರ ಗಿಲಾವು. ಸುಣ್ಣವನ್ನು ಅರಳಿಸಿ ಗುಂಡಿಯಲ್ಲಿ ತಿಂಗಳುಗಟ್ಟಲೆ ನೀರಿನ ಕೆಳಗೆ ಇಟ್ಟಷ್ಟೂ ಒಳ್ಳೆಯದು. ಕರಾವಳಿಯಲ್ಲಿ ಚಿಪ್ಪು ಸುಟ್ಟ ಸುಣ್ಣ ಬಳಸುತ್ತಿದ್ದರು. ಉಪ್ಪಿಲ್ಲದ ಒರಟು ಮರಳು, ಸುಣ್ಣ ಒಂದಕ್ಕೆ ಮರಳು ಎರಡೂವರೆ ಮೂರು ಪಾಲು. ನಮ್ಮ ಕಡೆ ಹಿರಿಯರು ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಬೆರೆಸುತ್ತಿದ್ದದ್ದನ್ನು ನೀವೂ ಕೇಳಿರಬಹುದು. ಆದರೆ ಯಾವ ಗೋಡೆಗೆ ಏನು ಬೆರೆಸಬೇಕು ಎಂಬುದನ್ನು ಅಲ್ಲೇ ಉಳಿದಿರುವ ಹಳೆಯ ಗಾರೆಯ ಚೂರನ್ನು ಪರೀಕ್ಷಿಸಿ ತೀರ್ಮಾನಿಸಬೇಕು. ಒಂದೇ ಸಲಕ್ಕೆ ದಪ್ಪಗೆ ಹಚ್ಚಬಾರದು, ಸುಮಾರು ಹತ್ತು ಮಿಲಿಮೀಟರಿನ ಪದರಗಳಲ್ಲಿ ಹಚ್ಚಿ, ಪ್ರತಿ ಪದರಕ್ಕೂ ಗಾಳಿಯಿಂದ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಲು ಸಮಯ ಕೊಡಬೇಕು. ಒದ್ದೆ ಗೋಣಿ ಹೊದಿಸಿ ಬಿಸಿಲಿನಿಂದ ಕಾಯಬೇಕು. ಮಳೆ ನಿಂತ ಮೇಲೆ ಶುರುಮಾಡಿ ಫೆಬ್ರವರಿಯೊಳಗೆ ಮುಗಿಸುವುದು ಕ್ಷೇಮ.

ಇದು ಸಂರಕ್ಷಿತ ಸ್ಮಾರಕವಾದ್ದರಿಂದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ತೀರ್ಮಾನವಿಲ್ಲದೆ ಯಾರೂ ಒಂದು ಕರಣೆ ಗಾರೆಯನ್ನೂ ಹಚ್ಚುವಂತಿಲ್ಲ. ಅದು ಸರಿಯಾದದ್ದೇ. ಮೊದಲು ಹಿಂಭಾಗದಲ್ಲಿ ಒಂದು ತುಂಡು ಗೋಡೆಗೆ ಮಾದರಿ ಮಾಡಿ, ಒಂದೆರಡು ಮಳೆಗಾಲ ಅದು ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ಮುಂದುವರಿಯಲಿ ಎಂಬುದು ನನ್ನ ಅಭಿಪ್ರಾಯ.

ವಾಸ್ಕೋದಲ್ಲಿ ನಿಮಗೆ ಹಳೆಯ ಚಿರೆಕಲ್ಲಿನ ಮನೆಗಳ ದುರಸ್ತಿ ಸಿಕ್ಕಾಗಲೂ ಇದೇ ಲೆಕ್ಕ ಅನ್ವಯಿಸುತ್ತದೆ. ಮನೆಯವರು ಸಿಮೆಂಟ್ ಬೇಗ ಆಗುತ್ತದೆ ಎಂದು ಒತ್ತಾಯಿಸುತ್ತಾರೆ. ಬುಡದಿಂದ ಸೊಂಟದೆತ್ತರದವರೆಗೆ ಮೊದಲೇ ಹಾಕಿದ ಸಿಮೆಂಟ್ ಉಬ್ಬಿ ಟೊಳ್ಳು ಸದ್ದು ಮಾಡುತ್ತಿದ್ದರೆ, ಒಂದು ಕಡೆ ಕಿತ್ತು ಅದರ ಹಿಂದೆ ಕಲ್ಲು ಎಷ್ಟು ಒದ್ದೆಯಾಗಿದೆ ಎಂದು ಅವರಿಗೇ ಮುಟ್ಟಿಸಿ ತೋರಿಸಿ.